ಬಾನೆಟ್ ಮೇಲಿನ ಮಾತು

ಶಿಕಾರಿಪುರದಿಂದ ಸೊರಬಕ್ಕೆ ನಲವತ್ತು ಕಿಲೋಮೀಟರು ಅನ್ನುವುದು ಸರ್ಕಾರ ಕಲ್ಲು ನೆಟ್ಟು ಹೇಳಿದ ಮಾತು. ತೋಟಪ್ಪನ ಬಸ್ಸಿನಲ್ಲಿ ಮುಂದುಗಡೆ ಸೀಟು ಸಿಕ್ಕಿದವರಿಗೆ ಅದು ಕಾಶಿಗಿಂತ ದೂರ. ಅಷ್ಟರೊಳಗೆ ತೋಟಪ್ಪ ತನ್ನ ಅರವತ್ತಾರು ವರ್ಷವನ್ನು ಎರಡು ಸಲ ಹೇಳಿ ಮುಗಿಸಿ, ಮೂರನೆಯದಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅವನ ‘ಮಲ್ಲಿಕಾರ್ಜುನ ಮೋಟಾರ್ಸ್’ ಒಂದು ನಿಮಿಷವೂ ತಡವಾಗಿಲ್ಲ. ಸಿರಾಳಕೊಪ್ಪದಲ್ಲಿ ಗಡಿಯಾರ ಕೆಟ್ಟವರೆಲ್ಲ ಅವನ ಹಾರ್ನು ಕೇಳಿ ಮುಳ್ಳು ತಿರುಗಿಸಿಕೊಳ್ಳುತ್ತಾರೆ. ಬೆಳಿಗ್ಗೆಯ ಟ್ರಿಪ್ಪಿನ ಹೊತ್ತಿಗೆ ಬಳ್ಳಿಗಾವಿ ಕ್ರಾಸಿನಲ್ಲಿ ಎಮ್ಮೆಗಳು ತಾವಾಗಿಯೇ ರಸ್ತೆ ಬಿಟ್ಟು ಕೆಳಗಿಳಿಯುತ್ತವೆ. ಇವೆಲ್ಲ ತೋಟಪ್ಪ ಹೇಳಿದ್ದು. ಎಮ್ಮೆಗಳದ್ದು ಮಾತ್ರ ನಿಜ.

ಅವನು ಕೂರುತ್ತಿದ್ದುದು ಬಾನೆಟ್ಟಿನ ಮೇಲೆ. ಡ್ರೈವರಿನ ಎಡಕ್ಕೆ, ಇಂಜಿನ್ನಿಗೆ ಮುಚ್ಚಿದ ತಗಡಿನ ಗೂಡಿನ ಮೇಲೆ ಹಳೇ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡರೆ ಅದೇ ಮಾಲೀಕನ ಗಾದಿ. ಕೆಳಗಿನಿಂದ ಬರುವ ಕಾವಿಗೆ ಶೇಂಗಾ ಹುರಿಯಬಹುದು, ಸದ್ದಿಗೆ ಸತ್ತವರು ಎದ್ದು ಟಿಕೆಟ್ ಕೇಳಬಹುದು. ಸ್ಟೇರಿಂಗ್ ಹಿಡಿಯುವವನು ಮಗ ರಾಜಕುಮಾರ, ಮೂವತ್ತನಾಲ್ಕು ವರ್ಷ, ಬಿಎಸ್ಸಿ ಪಾಸು. ಹನ್ನೆರಡು ವರ್ಷದ ಹಿಂದೆ ಡ್ರೈವರ್ ಭೀಮಣ್ಣ ಹೇಳದೆ ಕೇಳದೆ ಕೆಲಸ ಬಿಟ್ಟಾಗ ತೋಟಪ್ಪ ಮಗನಿಗೆ, "ಒಂದು ವಾರ ಕೂತಿರು, ಬೇರೆಯವರು ಸಿಗೋ ತನಕ" ಅಂದಿದ್ದ. ಆ ವಾರ ಇನ್ನೂ ಮುಗಿದಿರಲಿಲ್ಲ.

ಲೋಕದ ಮುಂದೆ ಇಷ್ಟು ಬಾಯಿ ಇದ್ದ ತೋಟಪ್ಪನಿಗೆ ಮಗನ ಮುಂದೆ ಬರುತ್ತಿದ್ದುದು ಬೈಗುಳ ಮಾತ್ರ. ಗೇರು ಹಾಕೋದು ಕಲಿ, ಡೀಸೆಲ್ ಏನು ನಿಮ್ಮಪ್ಪನ ಮನೇದಾ ಅನ್ನುವಂಥವು. ಡೀಸೆಲ್ ಅವರಪ್ಪನ ಮನೆಯದೇ ಆಗಿದ್ದರೂ ರಾಜಕುಮಾರ ಸುಮ್ಮನಿರುತ್ತಿದ್ದ. ಆದರೆ ಸಿರಾಳಕೊಪ್ಪ ದಾಟಿ ರಸ್ತೆ ನೆಟ್ಟಗಾಗಿ ಇಂಜಿನ್ ಗುಡುಗತೊಡಗಿದ ಮೇಲೆ ತೋಟಪ್ಪ ಎದುರಿನ ಗಾಜು ನೋಡುತ್ತ ತನ್ನಷ್ಟಕ್ಕೆ ಗೊಣಗುವುದಿತ್ತು. "ಎಂಥಾ ಕೈ ಇವಂದು. ಡ್ಯಾಶಿನ ಮೇಲೆ ಮೊಸರಿನ ಗಡಿಗೆ ಇಟ್ರೂ ಅಲುಗಲ್ಲ." ಎದುರಿಗೆ ಹೇಳಿದರೆ ಹುಡುಗ ಕೆಡುತ್ತಾನೆ ಅನ್ನುವುದು ಅವನ ನಂಬಿಕೆ. ರಾಜಕುಮಾರ ಯಾವತ್ತೂ ತಲೆ ತಿರುಗಿಸುತ್ತಿರಲಿಲ್ಲ. ಇಂಜಿನ್ ಸದ್ದಿಗೆ ಏನು ಕೇಳಿಸುತ್ತೆ ಅಂದುಕೊಂಡು ತೋಟಪ್ಪ ಧೈರ್ಯವಾಗಿ ಗೊಣಗುತ್ತಿದ್ದ.

ಮನೆಯಲ್ಲೂ ರಾಜಕುಮಾರನಿಗೆ ಯಾವುದನ್ನೇ ಆಗಲಿ ಎರಡು ಸಲ ಹೇಳಬೇಕಿತ್ತು. ಎರಡನೇ ಸಲ ಗಟ್ಟಿಯಾಗಿ. ಹಾಗಾಗಿ ಆ ಮನೆಯ ಪಿಸುಮಾತು ಮೂರು ಬೀದಿಗೆ ಕೇಳಿಸುತ್ತಿತ್ತು, ಜಗಳ ತಾಲೂಕಾಫೀಸಿನ ತನಕ ಹೋಗುತ್ತಿತ್ತು.

ಭಾನುವಾರ ಬಸ್ಸಿಗೆ ಒಂದೇ ಟ್ರಿಪ್ಪು. ಅವತ್ತು ತೋಟಪ್ಪನ ಹೆಂಡತಿ ನೀಲಾಂಬಿಕ ಮಗನಿಗೆ ಎಣ್ಣೆನೀರು ಹಾಕುವಳು. ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದ ಎಣ್ಣೆ ತಲೆಗೆ ತಟ್ಟಿ, ಬಲಗಿವಿಗೆ ಎರಡು ಹನಿ, ಎಡಗಿವಿಗೆ ಐದು ಹನಿ ಬಿಟ್ಟು, ಅರಳೆ ತುರುಕಿ ಕೂರಿಸುತ್ತಿದ್ದಳು. ಎಡಗಿವಿ ಇಂಜಿನ್ ಕಡೆಯದು, ಅದಕ್ಕೆ ಆರೈಕೆ ಜಾಸ್ತಿ ಬೇಕು ಅನ್ನುವುದು ಅವಳ ಲೆಕ್ಕ. ಸೊಸೆ ಗಂಗಾಶ್ರೀ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಒಂದೆರಡು ಸಲ, "ಅತ್ತೆ, ಕಿವಿಗೆ ಎಣ್ಣೆ ಬೇಡ್ವೇನೋ" ಅಂದಿದ್ದಳು. "ನಿಮ್ಮ ಸೊರಬದ ಕಡೆ ಬೇಡ ಇರ್ಬೋದು, ಇಲ್ಲಿ ಬೇಕು" ಅಂದಿದ್ದಳು ನೀಲಾಂಬಿಕ.

ಅಂಥ ಒಂದು ಭಾನುವಾರ, ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಚಟ್ನಿಯ ಮುಂದೆ ಎಲ್ಲರೂ ಕೂತಿದ್ದಾಗ ರಾಜಕುಮಾರ ಅಂದ, "ನಾನು ಪೈಲಟ್ ಆಗ್ತೀನಿ."

ತೋಟಪ್ಪ ರೊಟ್ಟಿ ಮುರಿಯುತ್ತ ಕೇಳಿದ, "ಯಾವ ಗಾಡಿಗೆ?"

"ವಿಮಾನಕ್ಕೆ."

"ಚಟ್ನಿ ಖಾರ ಆಯ್ತೇನೋ, ನೀರು ಕುಡಿ" ಅಂದಳು ನೀಲಾಂಬಿಕ.

ಗಂಗಾಶ್ರೀ ತಟ್ಟೆ ಸರಿಸಿ ಮಾತು ಎತ್ತಿಕೊಂಡಳು. ತೊಗರ್ಸಿಯ ಮದುವೆ ಬಾಡಿಗೆಗೆ ಬಸ್ಸು ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಹೋಗಿತ್ತಲ್ಲ, ಅಲ್ಲಿ ಚಹಾ ಕುಡಿಯುವಾಗ ರಾಜಕುಮಾರನಿಗೆ ಒಬ್ಬ ಪೈಲಟ್ ಸಿಕ್ಕಿದ್ದ. ಅವನು ಮೂವತ್ಮೂರರ ತನಕ ಬ್ಯಾಂಕಿನಲ್ಲಿ ಇದ್ದವನು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದ್ದರೆ ಸಾಕು, ವಯಸ್ಸು ಅಡ್ಡಿಯಿಲ್ಲ ಅಂದಿದ್ದ. ರಾಜಕುಮಾರ ಆರು ತಿಂಗಳಿಂದ ಸೊರಬದಲ್ಲಿ ಬಸ್ಸು ನಿಲ್ಲುವ ಒಂದು ತಾಸು ಪುಸ್ತಕ ಹಿಡಿದು ಕೂತಿದ್ದಾನೆ. ಬರೆಯುವ ಪರೀಕ್ಷೆಗಳನ್ನು ಓದಿ ಬರೆಯಬಹುದು, ಬೆಳಗಾವಿ ಕಡೆ ಹಾರಿಸಲು ಕಲಿಸುವ ಶಾಲೆಯಿದೆ, ಎರಡು ವರ್ಷ.

"ನಿಂಗೂ ಗೊತ್ತಿತ್ತಾ?" ನೀಲಾಂಬಿಕ ಸೊಸೆಯ ಕಡೆ ತಿರುಗಿದಳು.

"ಲೆಕ್ಕ ಹೇಳಿಕೊಟ್ಟೋಳೇ ನಾನು ಅತ್ತೆ. ಗಾಳಿ ಲೆಕ್ಕ ಚೆನ್ನಾಗಿ ಮಾಡ್ತಾರೆ."

"ಎಷ್ಟಾಗ್ತೈತೆ?" ಅಂದ ತೋಟಪ್ಪ.

"ಅರವತ್ತು ಲಕ್ಷದ ತನಕ."

ತೋಟಪ್ಪನ ಬಾಯಲ್ಲಿದ್ದ ರೊಟ್ಟಿ ಎದುರಿನ ಗೋಡೆಯ ಕ್ಯಾಲೆಂಡರಿನ ತನಕ ಹೋಯಿತು. "ಅರವತ್ತು ಲಕ್ಷಕ್ಕೆ ಎರಡು ಹೊಸಾ ಬಸ್ಸು ಬರ್ತಾವೆ. ಅವು ಮರ್ಯಾದೆಯಿಂದ ನೆಲದ ಮೇಲೇ ಇರ್ತಾವೆ. ನಿಂಗೆ ಹಾರೋದೇ ಬೇಕಾದ್ರೆ ದಿನಾ ಬಳ್ಳಿಗಾವಿ ಕ್ರಾಸಿನ ಹಂಪ್ ಮೇಲೆ ಹಾರಿಸ್ತಿಯಲ್ಲ, ಸಾಲದೇನು?"

"ಬೈಪಾಸಿನ ಸೈಟು ಐತಲ್ಲ ಅಪ್ಪಾಜಿ."

ಬೈಪಾಸಿನ ಸೈಟು ತೋಟಪ್ಪನ ಜೀವ. ಅಲ್ಲಿ ಮೂರಂತಸ್ತಿನ ‘ತೋಟಪ್ಪ ಕಾಂಪ್ಲೆಕ್ಸ್’ ಏಳಬೇಕು. ಪಾಯ ತೆಗೆದಿರಲಿಲ್ಲ, ನಕ್ಷೆ ಆಗಿರಲಿಲ್ಲ, ಆದರೆ ಒಂಬತ್ತು ವರ್ಷದ ಹಿಂದೆಯೇ ಬೋರ್ಡು ಬರೆಸಿ ಮಂಚದ ಕೆಳಗೆ ಇಟ್ಟಿದ್ದ. ಬೇಸಗೆಯಲ್ಲಿ ನೀಲಾಂಬಿಕ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು.

"ಆ ಸೈಟಿನ ಮಣ್ಣು ಒಂದು ಬೊಗಸೇನೂ ಕೊಡಲ್ಲ" ಅಂದ ತೋಟಪ್ಪ. "ಮೊಸರು ಹಾಕು."

ಸೋಮವಾರ ಬೆಳಿಗ್ಗೆ ಚಹಾದ ಮುಂದೆಯೂ ಅವನ ಉತ್ತರ ಅದೇ ಇತ್ತು. ಒಂಬತ್ತೂವರೆಗೆ ಬಸ್ಸು ಹೊರಟಿತು. ಒಂಬತ್ತೂ ಮೂವತ್ತೆರಡಕ್ಕೆ, ಬಸ್ಸು ಇನ್ನೂ ಊರು ದಾಟಿರಲಿಲ್ಲ, ತೋಟಪ್ಪ ಬಾನೆಟ್ಟಿನ ಮೇಲೆ ಹಿಂದಕ್ಕೆ ತಿರುಗಿ ಕೂತು ನಲವತ್ತೆಂಟು ಸೀಟಿಗೂ ಕೇಳುವಂತೆ ಹೇಳಿದ, "ನಮ್ಮ ರಾಜಕುಮಾರ ಪೈಲಟ್ ಆಗ್ತಾನೆ."

ಸಿರಾಳಕೊಪ್ಪದಲ್ಲಿ ನಿವೃತ್ತ ಹೆಡ್‌ಮಾಸ್ತರು ಸದಾಶಿವಪ್ಪ ಹತ್ತಿದರು. ತೋಟಪ್ಪನ ಮಾತಿಗೆ ಸೂಜಿ ಚುಚ್ಚುವುದಕ್ಕೆಂದೇ ಅವರು ಪಾಸು ಮಾಡಿಸಿಕೊಂಡಿದ್ದರು.

"ಏನ್ ತೋಟಪ್ಪ, ಮಗ ವಿಮಾನ ಓಡಿಸ್ತಾನಂತೆ?"

"ಓಡಿಸ್ತಾನಂತೆ ಏನ್ರಿ ಮೇಷ್ಟ್ರೇ, ಓಡಿಸಿದಂಗೇ ಲೆಕ್ಕ. ಮೊನ್ನೆ ಫೋನ್ ಬಂದಿತ್ತು, ಬೇಗ ಬರ್ರಿ ಅಂತ."

"ಯಾರ್ದು?"

"ವಿಮಾನದವ್ರದು."

"ಮತ್ತೆ ಇಲ್ಲಿ ಸ್ಟೇರಿಂಗ್ ಹಿಡಿದಾನಲ್ಲ?"

"ಅಭ್ಯಾಸಕ್ಕೆ."

ಶುಕ್ರವಾರದ ಹೊತ್ತಿಗೆ ಈ ಸುದ್ದಿ ಎರಡು ತಾಲೂಕು ತಿರುಗಿ ಬಂದಿತ್ತು. ಕಾಶಿಗೆ ಹೋಗುವ ಎಂಟು ಜನ ಮುದುಕಿಯರು ಸೀಟು ಹಿಡಿಸಿಕೊಡಿ ಅಂತ ತೋಟಪ್ಪನಿಗೇ ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟರು. ಪಕ್ಷಿಧಾಮದ ಊರು ಗುಡವಿಯ ಒಬ್ಬ ಯಜಮಾನ ಸೊರಬದ ಸ್ಟ್ಯಾಂಡಿನಲ್ಲಿ ಕಾದು ನಿಂತು, "ನಮ್ಮ ಕೆರೆ ಮೇಲೆ ಮಾತ್ರ ಹಾರಿಸೋದು ಬ್ಯಾಡ ಮಾರಾಯ್ರೆ, ಹಕ್ಕಿ ಗೂಡು ಬಿಡ್ತಾವೆ" ಅಂದ. ತೋಟಪ್ಪ ಯೋಚನೆ ಮಾಡಿ, ಗುಡವಿ ಬಳಸಿಕೊಂಡೇ ಹೋಗುವುದಾಗಿ ಮಾತು ಕೊಟ್ಟ.

"ಮನೇಲಿ ಆಗಲ್ಲ ಅಂತೀರಿ, ಬಸ್ಸಲ್ಲಿ ಆಗೇಬಿಟ್ಟ ಅಂತೀರಿ" ನೀಲಾಂಬಿಕ ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ಎಗರಾಡಿದಳು. "ಹಾಲಿನ ಸಾವಿತ್ರಿಬಾಯಿ ಇವತ್ತು, ‘ಕ್ಯಾಪ್ಟನ್ ಎದ್ದಾರಾ’ ಅಂತ ಕೇಳಿದ್ಲು. ನಾನು ಯಾವ ಕಡೆ ನಿಂತು ಉತ್ತರ ಕೊಡ್ಲಿ?"

"ನೀನು ಮನೆ ಕಡೆ ನಿಂತ್ಕೋ. ಊರ ಕಡೆ ನಾನು ನೋಡ್ಕೋತೀನಿ."

"ಸೈಟು?"

"ಅದು ನನ್ನ ಕಡೆ."

ಹೀಗೆ ಎರಡು ವಾರ ಎಳೆದಾಟ ನಡೆಯಿತು. ಗಂಗಾಶ್ರೀ ಬಾಯಿ ಹಾಕದೆ ತನ್ನ ಕೆಲಸ ಮಾಡುತ್ತಿದ್ದಳು. ಬೆಂಗಳೂರಿನಲ್ಲಿ ಆಗಬೇಕಾದ ವೈದ್ಯಕೀಯ ಪರೀಕ್ಷೆಯ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: ಕಣ್ಣು, ಬಣ್ಣ, ಸಕ್ಕರೆ, ಹೃದಯ, ಕಿವಿ. ಒಂದೊಂದನ್ನೇ ಮನೆಯಲ್ಲಿ ನೋಡಿ ಗೆರೆ ಎಳೆಯುತ್ತ ಬಂದಳು. ಬಣ್ಣಕ್ಕೆ ಆರು ವರ್ಷದ ಮಗಳು ಇಂಚರಳ ಕ್ರೇಯಾನ್ ಡಬ್ಬಿಯೇ ಸಾಕಾಯಿತು. ಕಡೆಗೆ ಉಳಿದದ್ದು ಕಿವಿ.

ಭಾನುವಾರ ತೋಟಪ್ಪ ಅಂಗಳದಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದ. ಜಗುಲಿಯಲ್ಲಿ ಗಂಗಾಶ್ರೀ ಗಂಡನ ಕಿವಿಗೆ ಫೋನಿನ ವೈರು ಸಿಕ್ಕಿಸಿ, ಸದ್ದು ಕೇಳಿದಾಗೆಲ್ಲ ಬೆರಳು ಎತ್ತಬೇಕು ಅಂದಳು. ಬಲಗಿವಿಗೆ ಬೆರಳು ಏಳುತ್ತಾ ಹೋಯಿತು. ಎಡಗಿವಿಗೆ ಬದಲಾಯಿಸಿದಳು. ರಾಜಕುಮಾರ ಬೆರಳು ಸಿದ್ಧವಾಗಿಟ್ಟುಕೊಂಡು ಕೂತ. ಕೂತೇ ಇದ್ದ.

"ಶುರು ಮಾಡು" ಅಂದ.

ಗಂಗಾಶ್ರೀ ಫೋನಿನಿಂದ ತಲೆ ಎತ್ತಿದಳು. "ಶುರುಮಾಡಿ ಎರಡು ನಿಮಿಷ ಆಯ್ತುರೀ."

ಕನ್ನಡಿಯಲ್ಲಿ ತೋಟಪ್ಪನಿಗೆ ಇಬ್ಬರ ಮುಖವೂ ಕಂಡಿತು. ಅರ್ಧ ಗಡ್ಡಕ್ಕೆ ರೇಜರ್ ನಿಂತಿತು.

ಮರುದಿನ ಅವನು ಬಾನೆಟ್ಟಿನ ಮೇಲೆ ಕೂತವನು ಹಿಂದಕ್ಕೆ ತಿರುಗಲಿಲ್ಲ. ತನ್ನ ತೊಡೆಯ ಕೆಳಗೆ ಗುಡುಗುವ ತಗಡನ್ನು ನೋಡಿದ, ಅಲ್ಲಿಂದ ಒಂದು ಮೊಳ ದೂರದಲ್ಲಿದ್ದ ಮಗನ ಎಡಗಿವಿಯನ್ನು ನೋಡಿದ. ದಿನಕ್ಕೆ ನಾಲ್ಕು ಟ್ರಿಪ್ಪು, ಹನ್ನೆರಡು ವರ್ಷ. ಸೊರಬದಲ್ಲಿ ಕಂಡಕ್ಟರ್ ಉಜ್ಜಪ್ಪನನ್ನು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋದ.

"ನಮ್ಮ ಹಳೇ ಭೀಮಣ್ಣನ ಕಿವಿ ಹೆಂಗಿತ್ತೋ?"

"ಎಡಗಡೆ ಮಂದ ಇತ್ತು ಧಣಿ. ಕರೆದ್ರೆ ಬಲಕ್ಕೇ ತಿರುಗ್ತಿದ್ದ. ಯಾಕ್ರಿ?"

"ಏನಿಲ್ಲ. ಅವನು ಎಷ್ಟು ವರ್ಷ ಓಡಿಸಿದ್ದ?"

"ಹದಿನಾಲ್ಕು."

ಅವತ್ತು ತೋಟಪ್ಪ ಊಟಕ್ಕೆ ಒಂದೇ ರೊಟ್ಟಿ ತಿಂದ. ದಿನಕ್ಕೆ ಹದಿನೈದು ತಿನ್ನುವವನು ಒಂದಕ್ಕೆ ಇಳಿದಾಗ ನೀಲಾಂಬಿಕ ಹೆದರಿದಳು.

ಆಮೇಲೆ ಆ ಮನೆಯಲ್ಲಿ ನಡೆದ ಶುಶ್ರೂಷೆ ಅರಮನೆಯಲ್ಲೂ ನಡೆದಿರಲಾರದು. ತೋಟಪ್ಪ ಬಾನೆಟ್ಟಿನ ಮೇಲೆ ಎರಡು ರಗ್ಗು, ಮೂರು ಗೋಣಿಚೀಲ, ಒಂದು ಹಳೇ ಹಾಸಿಗೆ ಹೊದಿಸಿದ. ಅದರ ಮೇಲೆ ಕೂತರೆ ಅವನ ತಲೆ ಮಾಡಿಗೆ ತಾಗುತ್ತಿತ್ತು. ಮಗನಿಗೆ ಮಫ್ಲರ್ ಕಟ್ಟಿಸಿದ. ಬಿಸಿಲಲ್ಲಿ ಮಫ್ಲರ್ ಕಟ್ಟಿದ ಡ್ರೈವರನ್ನು ನೋಡಿ ಸದಾಶಿವಪ್ಪ, "ಮೇಲೆ ಆಕಾಶದಲ್ಲಿ ಚಳಿ ಅಂತ ಈಗಿಂದ್ಲೇ ಅಭ್ಯಾಸವಾ?" ಅಂದರು. ತೋಟಪ್ಪ ಉತ್ತರ ಕೊಡದ್ದನ್ನು ಕಂಡು ಮೇಷ್ಟ್ರಿಗೆ ಆ ದಿನ ಬಿಸ್ಕತ್ತೂ ರುಚಿಸಲಿಲ್ಲ.

ನೀಲಾಂಬಿಕ ವಾರಕ್ಕೊಮ್ಮೆಯ ಎಣ್ಣೆಯನ್ನು ದಿನಕ್ಕೆ ಎರಡು ಸಲ ಮಾಡಿದಳು. ಬೆಳ್ಳುಳ್ಳಿ ಎರಡು ಪಟ್ಟು, ಹನಿ ಐದರಿಂದ ಎಂಟು. ಏನು ಆಶ್ಚರ್ಯವೋ, ಆರೈಕೆ ಜಾಸ್ತಿಯಾದಂತೆಲ್ಲ ಕಿವಿ ಇನ್ನಷ್ಟು ಮುಚ್ಚಿಕೊಳ್ಳುತ್ತಾ ಹೋಯಿತು. ಊಟಕ್ಕೆ ಕರೆದರೆ ಮೂರನೇ ಕೂಗಿಗೆ ಏಳುವ ಹಾಗಾಯಿತು.

"ಡಾಕ್ಟ್ರಿಗೆ ತೋರಿಸಾಣ" ಅಂದಳು ಗಂಗಾಶ್ರೀ.

"ಬ್ಯಾಡ" ಅಂದ ತೋಟಪ್ಪ. ಡಾಕ್ಟರು ಬಾಯಿಬಿಟ್ಟು ಹೇಳಿಬಿಟ್ಟರೆ ಅದು ಖಾಯಂ ಆಗಿಬಿಡುತ್ತದೆ ಅನ್ನುವುದು ಅವನ ಭಯ. ಸ್ವಲ್ಪ ಹೊತ್ತು ಅನ್ನ ಕಲಸುತ್ತಿದ್ದು, ತಲೆ ಎತ್ತದೆ ಅಂದ, "ಬೈಪಾಸಿನ ಸೈಟು ಮಾರ್ತೀನಿ."

ನೀಲಾಂಬಿಕ ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ರಾಜಕುಮಾರನಿಗೆ ಕೇಳಿಸಿರಲಿಲ್ಲ. ಗಂಗಾಶ್ರೀ ಬಲಗಡೆ ಬಾಗಿ ಹೇಳಿದಳು.

"ಯಾಕ್ರಿ ಅಪ್ಪಾಜಿ? ಕಿವೀನೇ ಇಲ್ಲದ ಮೇಲೆ ಸೈಟು ಮಾರಿ ಏನು ಮಾಡೋದು?"

"ಕಿವಿ ತಿಂದದ್ದು ನನ್ನ ಗಾಡಿ. ನಷ್ಟ ನಂದೇ." ತೋಟಪ್ಪನ ಅನ್ನ ಹಾಗೇ ಉಳಿಯಿತು. "ಒಂದು ವಾರ ಅಂತ ಕೂರಿಸಿದ್ದೆ."

ಗಂಗಾಶ್ರೀ ಮಾವನ ಮುಂದೆ ಕೂತಳು. ಅವಳಿಗೆ ಯಾವತ್ತೂ ಎರಡನೇ ಸಲ ಹೇಳುವ ಅಭ್ಯಾಸ ಇರಲಿಲ್ಲ. "ಮಾವ, ಗುರುವಾರ ಗುರುವಾರ ಸೊರಬಕ್ಕೆ ಕಿವಿ ಡಾಕ್ಟ್ರು ರಮಾಬಾಯಿ ಬರ್ತಾರೆ. ಬಸ್ಸು ಹೆಂಗೂ ಒಂದು ತಾಸು ಅಲ್ಲೇ ನಿಂತಿರುತ್ತೆ. ನೀವು ಹೆದರಿದ್ರೆ ನಾನೇ ಒಳಗೆ ಕರ್ಕೊಂಡು ಹೋಗ್ತೀನಿ. ಕಾಲೇಜಿಗೆ ರಜ ಬರೆದು ಆಗಿದೆ."

"ಯಾರು ಹೆದರೋರು?" ಅಂದ ತೋಟಪ್ಪ. ಅವನ ದನಿ ಅರ್ಧ ಬೀದಿಗೂ ಹೋಗಲಿಲ್ಲ.

ಗುರುವಾರ ಇಡೀ ಮನೆ ಬಸ್ಸು ಹತ್ತಿತು. ಸೊರಬದ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಐದು ಜನಕ್ಕೆ ಜಾಗ. ತೋಟಪ್ಪ ಒಬ್ಬನೇ ಮೂರು ಜನದ ಜಾಗ ಹಿಡಿದು ಬೆವರಿದ. ಡಾಕ್ಟರು ರಮಾಬಾಯಿ ಸಣ್ಣ ಆಳು, ದೊಡ್ಡ ಕನ್ನಡಕ. ಹಣೆಗೆ ದೀಪ ಕಟ್ಟಿಕೊಂಡು ರಾಜಕುಮಾರನ ಎಡಗಿವಿಯನ್ನು ಅರ್ಧ ನಿಮಿಷ ನೋಡಿದರು. ಆಮೇಲೆ ದೀಪ ಮೇಲೆತ್ತಿ ಎಲ್ಲರ ಮುಖ ನೋಡಿದರು.

"ಇವರ ಕಿವಿಗೆ ಎಣ್ಣೆ ಬಿಡೋರು ಯಾರು?"

"ನಾನೇ ರೀ" ನೀಲಾಂಬಿಕ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. "ಹುಟ್ಟಿದಾಗಿಂದ ಒಂದು ವಾರಾನೂ ತಪ್ಪಿಸಿಲ್ಲ."

"ಅದು ಕಾಣ್ತಾ ಇದೆ" ಅಂದರು ಡಾಕ್ಟರು. "ಒಳಗೆ ಗುಗ್ಗೆ, ಎಣ್ಣೆ, ಅರಳೆ ಎಲ್ಲ ಸೇರಿ ಗಾರೆ ಹಾಕಿದ ಹಾಗೆ ಆಗಿದೆ. ಅದರ ಹಿಂದೆ ಕಿವಿ ಹೇಗಿದೆಯೋ ಈಗ ಹೇಳೋಕಾಗಲ್ಲ. ಈ ಔಷಧಿ ಒಂದು ವಾರ ಬಿಟ್ಕೊಂಡು ಬನ್ನಿ. ಔಷಧಿ ಮಾತ್ರ."

ಆ ವಾರ ನೀಲಾಂಬಿಕ ಯಾರ ಜೊತೆಗೂ ಜಗಳ ಆಡಲಿಲ್ಲ. ಎಣ್ಣೆಯ ಬಟ್ಟಲು ತೊಳೆದು ಅಟ್ಟದ ಮೇಲೆ ಇಟ್ಟಳು.

ಎರಡನೇ ಗುರುವಾರ ಡಾಕ್ಟರು ಪಿಚಕಾರಿಯಂಥ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಬಿಟ್ಟು ತೊಳೆದರು. ತಟ್ಟೆಗೆ ಬಿದ್ದದ್ದನ್ನು ಕಣ್ಣಾರೆ ಕಂಡವರು ಬಹಳ ದಿನ ಹುಣಸೆಹಣ್ಣು ಮುಟ್ಟಲಿಲ್ಲ. ತೋಟಪ್ಪನ ಪ್ರಕಾರ ಅದು ಕಾಲು ಸೇರಿಗೆ ಕಮ್ಮಿಯಿರಲಿಲ್ಲ. ಎರಡು ಬೆಳ್ಳುಳ್ಳಿ ಎಸಳು, ಅಜವಾನದ ಕಾಳು ಹದಿನೇಳು, ಯಾವ ವರ್ಷದ್ದೋ ಅರಳೆ. ಆಮೇಲೆ ಯಂತ್ರಕ್ಕೆ ಹಚ್ಚಿ ನೋಡಿದರು. ಡಾಕ್ಟರು ಕಾಗದದ ಮೇಲಿನ ಗೆರೆ ತೋರಿಸಿದರು.

"ಕಿವಿ ಚೆನ್ನಾಗಿದೆ. ಇಂಜಿನ್ ಏನೂ ಮಾಡಿಲ್ಲ. ನಿಜ ಹೇಳ್ಬೇಕು ಅಂದ್ರೆ ಆ ಗಾರೆಯೇ ಇಂಜಿನ್ನನ್ನ ತಡೆದಿರಬಹುದು."

ನೀಲಾಂಬಿಕ ತಲೆ ಎತ್ತಿದಳು. "ಅಂದ್ರೆ ಎಣ್ಣೆಯಿಂದ್ಲೇ ಉಳೀತು ಅನ್ರಿ."

"ಹಾಗೆ ನಾನು ಅನ್ನಲಿಲ್ಲ" ಅಂದರು ಡಾಕ್ಟರು. "ಇನ್ನು ಎಣ್ಣೆ ತಲೆಗೆ ಮಾತ್ರ."

ಇದೆಲ್ಲ ಮುಗಿದು ಎಲ್ಲರೂ ಸ್ಟ್ಯಾಂಡಿಗೆ ಓಡಿ ಬರುವಾಗ ಬಸ್ಸು ಒಂಬತ್ತು ನಿಮಿಷ ತಡ. ಸದಾಶಿವಪ್ಪ ಕೈಗಡಿಯಾರ ಎತ್ತಿ ತೋರಿಸಿದರು. "ತೋಟಪ್ಪ, ಇಪ್ಪತ್ತೆಂಟು ವರ್ಷದ ಹೆಸರು ಹೋತಲ್ಲಪ್ಪ."

"ನಿಮ್ಮ ಗಡಿಯಾರ ಮುಂದೈತ್ರಿ ಮೇಷ್ಟ್ರೇ" ಅಂದ ತೋಟಪ್ಪ, ಜಿಗಿದು ಬಾನೆಟ್ ಏರಿ. ಸಿರಾಳಕೊಪ್ಪ ಬರುವಷ್ಟರಲ್ಲಿ ಹಾಸಿಗೆ, ಗೋಣಿಚೀಲ ಎಲ್ಲ ಕಿತ್ತು ಹಿಂದಕ್ಕೆ ಎಸೆದಿದ್ದ.

ಮನೆಗೆ ಬಂದು ಅವನು ಹನ್ನೊಂದು ರೊಟ್ಟಿ ತಿಂದ. "ನನ್ನ ಗಾಡಿ ನಿರಪರಾಧಿ" ಅಂತ ಬೀದಿಗೆಲ್ಲ ಕೇಳುವಂತೆ ಹೇಳಿದ. "ಡಾಕ್ಟ್ರೇ ಬರೆದು ಕೊಟ್ಟಾರೆ. ತಿಂದದ್ದು ಬೆಳ್ಳುಳ್ಳಿ."

ನೀಲಾಂಬಿಕ ಅಷ್ಟನ್ನೂ ನುಂಗಿಕೊಂಡು, ಮಜ್ಜಿಗೆ ಹಾಕುವಾಗ ಒಂದೇ ಪ್ರಶ್ನೆ ಕೇಳಿದಳು. "ಹಂಗಾದ್ರೆ ಸೈಟು?"

ತೋಟಪ್ಪ ಮಜ್ಜಿಗೆ ಕುಡಿದ. ಲೋಟ ಕೆಳಗಿಟ್ಟ. ಕೊಟ್ಟ ಮಾತಿಗೆ ಕಾರಣವೇ ಉಳಿದಿರಲಿಲ್ಲ, ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

"ನೋಡಾಣ" ಅಂದ.

ಆ ಒಂದು ಮಾತಿನ ಮೇಲೆ ಮನೆ ನಾಲ್ಕು ದಿನ ತೂಗಾಡಿತು. ಬೆಳಿಗ್ಗೆ ಚಹಾ ಕೊಡುವಾಗ ಹೆಂಡತಿ ಮುಖ ನೋಡಿದರೂ ನೋಡಾಣ, ಕಾಲೇಜಿಗೆ ಹೊರಟ ಸೊಸೆ ಚಪ್ಪಲಿ ಮೆಟ್ಟುತ್ತ ತಿರುಗಿದರೂ ನೋಡಾಣ. ಬೆಳಗಾವಿಯ ಶಾಲೆಗೆ ಹೆಸರು ಬರೆಸಲು ತಿಂಗಳ ಕೊನೆಯೇ ಗಡುವು. ಬೆಂಗಳೂರಿನ ಪರೀಕ್ಷೆಗೆ ದಿನ ಗೊತ್ತಾಗಿತ್ತು. ರಾಜಕುಮಾರ ಮಾತ್ರ ಏನೂ ಕೇಳಲಿಲ್ಲ. ಅಷ್ಟೇ ಅಲ್ಲ, ಆ ದಿನಗಳಲ್ಲಿ ಅವನು ಬಸ್ಸಿಗೆ ಹೊತ್ತಿಗೆ ಮುಂಚೆ ಹೋಗಿ ಕೂರುತ್ತಿದ್ದ, ಅಪ್ಪನಿಗಾಗಿ ಬಾನೆಟ್ಟಿನ ಜಮಖಾನ ತಾನೇ ಕೊಡವಿ ಹಾಸುತ್ತಿದ್ದ.

ಮಂಗಳವಾರ ಬೆಳಿಗ್ಗೆಯ ಟ್ರಿಪ್ಪು. ಸಿರಾಳಕೊಪ್ಪ ದಾಟಿತು, ರಸ್ತೆ ನೆಟ್ಟಗಾಯಿತು, ಇಂಜಿನ್ ಗುಡುಗಿತು. ತೋಟಪ್ಪ ಎದುರಿನ ಗಾಜು ನೋಡುತ್ತ, ಹನ್ನೆರಡು ವರ್ಷದ ಚಟದಂತೆ, ಶುರುಮಾಡಿದ.

"ನೋಡಾಣ ಅಂದೆ. ನೋಡೋದೇನೈತೆ, ನೋಡಿ ಆಗೈತೆ. ಸೈಟು ಮಣ್ಣು, ಹೋಗ್ಲಿ ಅತ್ಲಾಗೆ. ಈ ಸೀಟು ಖಾಲಿ ಆಗ್ತೈತಲ್ಲ, ಅದಕ್ಕೇ ಬಾಯಿ ಬರವಲ್ದು. ನಾಳೆಯಿಂದ ಯಾರ ಮುಖ ನೋಡ್ಕೊಂಡು ಕೂರ್ಲಿ ನಾನು ಇಲ್ಲಿ. ಒಂದು ವಾರ ಅಂದಿದ್ದೆ ಮಗನೇ. ಹನ್ನೆರಡು ವರ್ಷ ಕೂತಿ, ಒಂದ್ಸಲಾನೂ ಸಾಕು ಅನ್ಲಿಲ್ಲ. ಹೋಗು. ಆ ವಾರ ಮುಗೀತು ಅಂತ ತಿಳ್ಕೋ."

ರಾಜಕುಮಾರ ರಸ್ತೆಯಿಂದ ಕಣ್ಣು ತೆಗೆಯದೆ ಅಂದ, "ಮುಗೀತು ಅಂತ ಮನೇಲೂ ಒಂದು ಮಾತು ಹೇಳ್ರಿ ಅಪ್ಪಾಜಿ. ಅವ್ವ ಕಾಯ್ಕೊಂಡು ಕೂತಾಳೆ."

ತೋಟಪ್ಪ ಬಾನೆಟ್ಟಿನಿಂದ ಬೀಳುವುದೊಂದು ಬಾಕಿ.

"ಕೇಳಿಸ್ತೇನೋ?"

"ಗುರುವಾರದಿಂದ ಎಲ್ಲಾ ಕೇಳಿಸ್ತೈತ್ರಿ. ಮೊಸರಿನ ಗಡಿಗೆನೂ ಕೇಳಿಸ್ತು."

"ಮತ್ತೆ ಹೇಳೋದಲ್ವಾ?"

"ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ." ರಾಜಕುಮಾರ ಗೇರು ಬದಲಾಯಿಸಿದ, ಸದ್ದೇ ಬರಲಿಲ್ಲ. "ಹನ್ನೆರಡು ವರ್ಷದ್ದು ಹೆಂಗೂ ಹೋತು. ನಾಕು ದಿನದ್ದಾದ್ರೂ ಇರ್ಲಿ ಅಂತ ಸುಮ್ನೆ ಕೂತಿದ್ದೆ."

ಅಲ್ಲಿಂದ ಸೊರಬದ ತನಕ ತೋಟಪ್ಪ ಒಂದು ಅಕ್ಷರ ಆಡಲಿಲ್ಲ. ಬಸ್ಸಿನಲ್ಲಿ ಎಂಥ ನಿಶ್ಶಬ್ದ ಆಯಿತೆಂದರೆ ಹಿಂದಿನ ಸೀಟಿನವರು ಟೈರು ಪಂಚರ್ ಆಯಿತೇನೋ ಅಂತ ಕೆಳಗೆ ಬಗ್ಗಿ ನೋಡಿದರು. ಉಜ್ಜಪ್ಪ ಹತ್ತಿರ ಬಂದು, "ಧಣಿ, ಬಿಪಿ ಮಾತ್ರೆ ತಗಂಡಿರಾ?" ಅಂತ ಕೇಳಿದ.

ರಾತ್ರಿ ಊಟಕ್ಕೆ ಕೂತವನೇ ತೋಟಪ್ಪ ಹೆಂಡತಿಗೆ, "ಮಂಚದ ಕೆಳಗಿನ ಬೋರ್ಡು ಇನ್ನು ನಿಂದು. ಬೇಕಾದಷ್ಟು ಸಂಡಿಗೆ ಹಾಕ್ಕೋ" ಅಂದ. ನೀಲಾಂಬಿಕ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು. ಗಂಗಾಶ್ರೀ ಎದ್ದು ಹೋಗಿ ಫ್ರಿಜ್ಜಿನ ಬಾಗಿಲ ಮೇಲಿನ ಪಟ್ಟಿಯಲ್ಲಿ ‘ಕಿವಿ’ಗೆ ಗೆರೆ ಎಳೆದಳು.

ಬೆಂಗಳೂರಿನ ಪರೀಕ್ಷೆ ಪಾಸಾಯಿತು. ಸೈಟಿನ ಕರಾರು ಆಯಿತು. ಕೊಂಡವನಿಗೆ ತೋಟಪ್ಪ, ಈ ಮಣ್ಣಿನಿಂದ ವಿಮಾನ ಏಳ್ತೈತೆ ಅಂತ ಹೇಳಿ ಒಂದೂವರೆ ಲಕ್ಷ ಜಾಸ್ತಿ ಗಿಟ್ಟಿಸಿದ. ಭೀಮಣ್ಣನ ಅಳಿಯ ಪ್ರದೀಪ ಹೊಸ ಡ್ರೈವರಾಗಿ ಒಪ್ಪಿಕೊಂಡ. ಅವನನ್ನು ಸ್ಟೇರಿಂಗ್ ಮುಟ್ಟಲು ಬಿಡುವ ಮೊದಲು ತೋಟಪ್ಪ ಅವನ ಎರಡೂ ಕಿವಿಯನ್ನು ರಮಾಬಾಯಿಗೆ ತೋರಿಸಿಕೊಂಡು ಬಂದ.

ರಾಜಕುಮಾರ ಹೊರಟದ್ದು ಒಂದು ಸೋಮವಾರ. ಸೊರಬದ ತನಕ ತಮ್ಮದೇ ಬಸ್ಸು, ಅಲ್ಲಿ ಮಾವನ ಮನೆಯಲ್ಲಿ ಊಟ ಮಾಡಿ ಹುಬ್ಬಳ್ಳಿ ಬಸ್ಸು ಹಿಡಿಯುವುದು. ಗಂಗಾಶ್ರೀ, ಇಂಚರ ಮೊದಲ ಸೀಟಿನಲ್ಲಿ ಕೂತಿದ್ದರು. ಭಾನುವಾರಕ್ಕೊಮ್ಮೆ ಫೋನಿನಲ್ಲಿ ಗಾಳಿ ಲೆಕ್ಕ ಒಪ್ಪಿಸಬೇಕು ಅಂತ ಅವಳು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ನೀಲಾಂಬಿಕ ಚೀಲಕ್ಕೆ ಚಟ್ನಿಪುಡಿ, ಖಡಕ್ ರೊಟ್ಟಿ, ಒಂದು ಬಾಟಲಿ ಎಣ್ಣೆ ತುಂಬಿದ್ದಳು. ಬಾಟಲಿಯ ಮೇಲೆ ಸೊಸೆಯ ಕೈಯಲ್ಲಿ ಬರೆಸಿದ ಚೀಟಿ ಇತ್ತು: ತಲೆಗೆ ಮಾತ್ರ.

ಅವತ್ತು ಸ್ಟೇರಿಂಗ್ ಹಿಡಿದದ್ದು ತೋಟಪ್ಪ. ಯಾರು ಹೇಳಿದರೂ ಕೇಳಲಿಲ್ಲ. ಬಾನೆಟ್ಟಿನ ಜಮಖಾನದ ಮೇಲೆ ರಾಜಕುಮಾರ ಕೂತ, ಅಪ್ಪನ ಎಡಕ್ಕೆ. ಬಳ್ಳಿಗಾವಿ ಕ್ರಾಸಿನಲ್ಲಿ ಎಮ್ಮೆಗಳು ಕೆಳಗಿಳಿದವು. ಸಿರಾಳಕೊಪ್ಪ ದಾಟಿತು. ರಸ್ತೆ ನೆಟ್ಟಗಾಗಿ ಇಂಜಿನ್ ಗುಡುಗತೊಡಗಿದಾಗ ರಾಜಕುಮಾರ ಎದುರಿನ ಗಾಜು ನೋಡುತ್ತ ತನ್ನಷ್ಟಕ್ಕೆ ಅಂದ, "ಭಯ ಆಗ್ತೈತ್ರಿ ಅಪ್ಪಾಜಿ. ಈ ವಯಸ್ಸಲ್ಲಿ ಹುಡುಗರ ಜೊತೆ ಕೂತು ಕಲೀಬೇಕು. ನಿಮ್ಮ ಗೊಣಗಾಟ ಇಲ್ದೆ ಗಾಡಿ ಹೆಂಗೆ ಓಡಿಸೋದೋ ಗೊತ್ತಿಲ್ಲ."

ತೋಟಪ್ಪ ಗೇರು ಬದಲಾಯಿಸಿದ. ಕರ್ ಅಂತ ಕಿರುಚಿತು.

"ಏನಂದಿ? ಇಂಜಿನ್ ಸದ್ದಿಗೆ ಏನೂ ಕೇಳಿಸ್ಲಿಲ್ಲ."

ರಾಜಕುಮಾರ ಅಪ್ಪನ ಕಡೆ ತಿರುಗಿ ನೋಡಿ ನಕ್ಕ. "ಏನಿಲ್ಲ ಬಿಡ್ರಿ. ಗೇರು ಹಾಕೋದು ಕಲೀರಿ ಅಂದೆ."

ಸೊರಬದಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ನಿಂತಿತು. ಮಗ ಹುಬ್ಬಳ್ಳಿ ಬಸ್ಸು ಹತ್ತಿ ಹೋದ ಮೇಲೆ ಸದಾಶಿವಪ್ಪ ಹತ್ತಿರ ಬಂದು, ಕ್ಯಾಪ್ಟನ್ ಹೋಗುವಾಗ ಏನು ಹೇಳಿದ ಅಂತ ಕೇಳಿದರು. ತೋಟಪ್ಪ ಹೇಳಿದ: ವಿಮಾನ ಎರಡಂತಸ್ತಿನದು, ಸೀಟು ಸಾವಿರ, ಬಾಗಿಲು ತೆಗೆಯೋಕೆ ಆರು ಜನ ಬೇಕು. ಮೊದಲನೇ ಟ್ರಿಪ್ಪು ಶಿಕಾರಿಪುರದ ಮೇಲೇ, ಗುಡವಿ ಬಳಸಿಕೊಂಡು. ಅರ್ಧ ತಾಸು ಹೇಳಿದ. ಬಾನೆಟ್ಟಿನ ಮೇಲಿಂದ ಕೇಳಿದ್ದನ್ನು ಮಾತ್ರ ಹೇಳಲಿಲ್ಲ. ತೋಟಪ್ಪನ ಹೊಟ್ಟೆಯಲ್ಲಿ ಒಂದು ಮಾತು ಉಳಿದದ್ದು ಅರವತ್ತಾರು ವರ್ಷದಲ್ಲಿ ಅದೇ ಮೊದಲು.